ನೇರಳೆಗೆ ತಿರುಗಿದ ನಲ್ಲಿ ನೀರು

ಎಡಿಲ್ಬೆರ್ತೊ ವಪಾಯ ದೊಡ್ಡ ವಿಜ್ಞಾನಿ ಎಂಬ ಸಂಗತಿ ಲಾಸ್ ಪಾಲೊಮಾಸ್ ವಠಾರಕ್ಕೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಅವನ ವಿಶ್ವವಿದ್ಯಾಲಯಕ್ಕೆ ಮಾತ್ರ.

ಅಲ್ಲಿ ಅವನು ಬರೀ ಬೆತೊ. ಜೀವಶಾಸ್ತ್ರ ಓದುವ ಹುಡುಗ ಹುಡುಗಿಯರ ತಂಡವೊಂದು, ಯಾವುದೋ ದೇಶದಲ್ಲಿ ನಡೆಯುವ ಸ್ಪರ್ಧೆಗೆಂದು, ಬ್ಯಾಕ್ಟೀರಿಯಾಕ್ಕೆ ಬುದ್ಧಿ ಕಲಿಸಲು ಹೊರಟಿತ್ತು. ನೀರಿನಲ್ಲಿ ಸೀಸ ಸೇರಿದ್ದರೆ ಪತ್ತೆ ಹಚ್ಚಿ ನೇರಳೆ ಬಣ್ಣಕ್ಕೆ ತಿರುಗಬೇಕು, ಇಲ್ಲದಿದ್ದರೆ ತೆಪ್ಪಗಿರಬೇಕು. ಪಾಠ ಇಷ್ಟೇ. ಅದಕ್ಕಾಗಿ ಆ ಬಡಪಾಯಿ ಜೀವಿಯೊಳಕ್ಕೆ ಎಲ್ಲೆಲ್ಲಿಂದಲೋ ತಂದ ಜೀನುಗಳನ್ನು ಕತ್ತರಿಸಿ ಹೊಲಿದಿದ್ದರು. ಬ್ಯಾಕ್ಟೀರಿಯಾ ಪಾಠದ ಎರಡನೆಯ ಭಾಗವನ್ನು ಮಾತ್ರ ಚೆನ್ನಾಗಿ ಕಲಿಯಿತು. ಸೀಸ ಹಾಕಿದರೂ ತೆಪ್ಪಗಿತ್ತು, ಹಾಕದಿದ್ದರೂ ತೆಪ್ಪಗಿತ್ತು. ಈ ತಂಡದಲ್ಲಿ ಬೆತೊನಿಗೆ ಒಪ್ಪಿಸಿದ್ದ ಹೊಣೆ ಟ್ಯೂಬು ತೊಳೆಯುವುದು.

ಇದನ್ನೇ ಅವನು ಮನೆಯಲ್ಲಿ ‘ಸಂಶೋಧನೆಯಲ್ಲಿದ್ದೇನೆ’ ಎಂದು ಹೇಳಿದ. ಅವನನ್ನು ಸಾಕಿದ ಚಿಕ್ಕಮ್ಮ ಅರ್ಮಿಂದಾ ಅದನ್ನು ‘ನಮ್ಮ ಬೆತೊ ಹೇಳಿದ ಮಾತನ್ನ ಹುಳ ಕೇಳುತ್ತೆ’ ಎಂದು ವಠಾರಕ್ಕೆ ದಾಟಿಸಿದಳು. ವಠಾರ ಅದನ್ನು ಬೀದಿಗೆ ದಾಟಿಸಿತು. ಲೀಮಾದ ಹಳೆಯ ಬಡಾವಣೆ ಬಾರಿಯೋಸ್ ಆಲ್ತೋಸಿನ ಓಣಿಗಳಲ್ಲಿ ಮಾತು ನಡೆದು ಹೋಗುವುದಿಲ್ಲ, ಬಸ್ಸು ಹತ್ತಿ ಹೋಗುತ್ತದೆ.

ಅಷ್ಟರಲ್ಲಿ ಅಕ್ಟೋಬರ್ ಬಂತು. ಅಕ್ಟೋಬರ್ ಬಂದರೆ ಲೀಮಾದಲ್ಲಿ ನೇರಳೆಯೊಂದನ್ನು ಬಿಟ್ಟು ಬೇರೆ ಬಣ್ಣಗಳಿಗೆ ಮರ್ಯಾದೆಯಿಲ್ಲ. ಪವಾಡಗಳ ಪ್ರಭುವಿನ ಮೆರವಣಿಗೆ ಹೊರಡುವ ತಿಂಗಳು. ಹರಕೆ ಹೊತ್ತವರು ನೇರಳೆ ನಿಲುವಂಗಿ ತೊಟ್ಟೇ ತರಕಾರಿ ಚೌಕಾಸಿ ಮಾಡುತ್ತಾರೆ, ಅದನ್ನು ತೊಟ್ಟೇ ಬಸ್ಸಿನಲ್ಲಿ ಸೀಟಿಗೆ ಜಗಳವಾಡುತ್ತಾರೆ. ಚಿಕ್ಕಮ್ಮ ವಠಾರದ ಬಾಗಿಲಲ್ಲಿ ಒಲೆ ಹೂಡಿ ಮಸಮೊರ್ರಾ ಕಾಯಿಸಲು ಕೂತಳು. ನೇರಳೆ ಮೆಕ್ಕೆಜೋಳದ ಆ ಸಿಹಿಗಂಜಿಗೆ ಬೇಕಾದ ನೀರು, ವಠಾರದ ಎಲ್ಲ ನೀರಿನ ಹಾಗೆ, ಅಂಗಳದ ನಡುವಿನ ಒಂದೇ ನಲ್ಲಿಯಿಂದ ಬರಬೇಕು.

ಆ ನಲ್ಲಿಯ ಬಳಿಯೇ ದೋನ್ ಸೆವೆರಿನೊ ಬೆತೊನನ್ನು ಹಿಡಿದ. ದೋನ್ ಸೆವೆರಿನೊ ವಠಾರ ಸಮಿತಿಯ ಅಧ್ಯಕ್ಷ. ಮೆರವಣಿಗೆಯ ವಾದ್ಯದವರ ಜೊತೆ ವರ್ಷಗಟ್ಟಲೆ ತುತ್ತೂರಿ ಊದಿ ನಿವೃತ್ತನಾದವನು. ತುತ್ತೂರಿ ಬಿಟ್ಟಿದ್ದರೂ ಊದುವುದನ್ನು ಬಿಟ್ಟಿರಲಿಲ್ಲ.

“ಏನು ವಿಜ್ಞಾನಿಗಳೇ, ಇವತ್ತೇನು ಕಂಡುಹಿಡಿದ್ರಿ?”

“ಕೆಲಸ ನಡೀತಾ ಇದೆ, ದೋನ್ ಸೆವೆರಿನೊ.”

“ನಡೀತದೆ, ನಡೀತದೆ. ನಮ್ಮ ಸೊಸೆ ತಂಗಿ ನಿಮ್ಮ ಯುನಿವರ್ಸಿಟೀಲೇ ಕಸ ಗುಡಿಸ್ತಾಳಪ್ಪ. ನೀನು ಬಾಟ್ಲಿ ತೊಳೀತೀಯಂತೆ?”

ನಲ್ಲಿ ಸಾಲಿನಲ್ಲಿದ್ದ ಬಿಂದಿಗೆಗಳೆಲ್ಲ ಸದ್ದು ನಿಲ್ಲಿಸಿದವು.

“ಟ್ಯೂಬು,” ಎಂದ ಬೆತೊ.

“ಯಾವುದೋ ಒಂದು. ಅದನ್ನೇ ಮೂಲೆ ಹೋಟ್ಲಲ್ಲಿ ತೊಳೆದಿದ್ರೆ ಮಧ್ಯಾಹ್ನ ಒಂದು ತಟ್ಟೆ ಬೀನ್ಸು ಅನ್ನ ಆದ್ರೂ ಹಾಕ್ತಿದ್ರಲ್ಲೋ!”

ಚಿಕ್ಕಮ್ಮ ಸೌಟು ಹಿಡಿದೇ ಎದ್ದು ಬಂದಳು. “ಯಾರ್ರೀ ಬಾಟ್ಲಿ ತೊಳಿಯೋದು? ಏ ಬೆತೊ, ತಗೊಂಬಾರೋ ನಿನ್ನ ಹುಳಾನ! ಇವರ ಮೂತಿಗೆ ಹಿಡಿಯೋ! ಆಮೇಲೆ ಗೊತ್ತಾಗತ್ತೆ ಯಾರು ಏನು ತೊಳೀತಾರೆ ಅಂತ.”

ಪ್ರಯೋಗಾಲಯದ ಬಾಗಿಲಿನ ಮೇಲೆ ಕೆಂಪಕ್ಷರದಲ್ಲಿ, ಇಲ್ಲಿಯ ಜೀವಿಗಳನ್ನು ಯಾವ ಕಾರಣಕ್ಕೂ ಹೊರಗೆ ಒಯ್ಯಕೂಡದು ಎಂದು ಬರೆದಿತ್ತು. ಮರುದಿನ ಬೆತೊ ಆ ಬರಹದ ಕೆಳಗೇ ಹಾದು ಎರಡು ಟ್ಯೂಬು ಬ್ಯಾಕ್ಟೀರಿಯಾವನ್ನು ಜೇಬಿನಲ್ಲಿಟ್ಟುಕೊಂಡು ಬಂದ. ಅವನ ಲೆಕ್ಕಾಚಾರ ಅಷ್ಟು ಕೆಟ್ಟದ್ದೇನೂ ಆಗಿರಲಿಲ್ಲ. ಒಂದಕ್ಕೆ ವಠಾರದ ನಲ್ಲಿ ನೀರು, ಇನ್ನೊಂದಕ್ಕೆ ಹೋಲಿಕೆಗೆ ಅಂಗಡಿಯ ಬಾಟಲಿ ನೀರು ಹಾಕುವುದು. ಬೆಳಗಾಗುವಷ್ಟರಲ್ಲಿ ಎರಡೂ ಬೆಳ್ಳಗೇ ಇರುತ್ತವೆ, ಏಕೆಂದರೆ ಈ ಬ್ಯಾಕ್ಟೀರಿಯಾ ಹುಟ್ಟಿದಾಗಿನಿಂದ ಬಣ್ಣ ತಿರುಗಿದ್ದೇ ಇಲ್ಲ. ಆಗ ಎಲ್ಲರೆದುರು ನಿಂತು, “ನಮ್ಮ ವಠಾರದ ನೀರು ಶುದ್ಧವಾಗಿದೆ ಎಂದು ವಿಜ್ಞಾನ ಸಾರುತ್ತಿದೆ,” ಎಂದು ಭಾಷಣ ಮಾಡುವುದು. ಭಾಷಣವನ್ನು ಬಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದ.

ಒಂದೇ ತೊಡಕು: ಬ್ಯಾಕ್ಟೀರಿಯಾಕ್ಕೆ ಬೆಚ್ಚಗಿನ ಜಾಗ ಬೇಕು. ಪ್ರಯೋಗಾಲಯದಲ್ಲಿ ಅದಕ್ಕೆಂದೇ ಯಂತ್ರವಿತ್ತು. ಚಿಕ್ಕಮ್ಮನ ಮನೆಯಲ್ಲಿ ಇದ್ದದ್ದು ಗೋಡೆಗೂಡಿನ ಪೂಜಾಪೀಠ. ಶಿಲುಬೆಯ ಮೇಲಿನ ಪ್ರಭುವಿನ ಪಟ, ಅದರ ಮುಂದೆ ಅಕ್ಟೋಬರ್ ಇಡೀ ಆರದ ಮೇಣದಬತ್ತಿಗಳು. ತೇವ ಹಿಡಿದ ಆ ಮನೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ ಮೂಲೆ. ಬೆತೊ ಟ್ಯೂಬುಗಳನ್ನು ಪಟದ ಮುಂದೆ ಒರಗಿಸಿಟ್ಟ. ಯೋಚಿಸಲಿಲ್ಲ. ಯೋಚಿಸುವ ಕೆಲಸವನ್ನು ತಂಡ ಅವನಿಗೆ ಎಂದೂ ಒಪ್ಪಿಸಿರಲಿಲ್ಲ.

ಬೆಳಿಗ್ಗೆ ಅವನನ್ನು ಎಬ್ಬಿಸಿದ್ದು ಚಿಕ್ಕಮ್ಮನ ಚೀರಾಟ.

“ಬೆತೋ! ಬಂದ ಕಣೋ! ಪ್ರಭು ಬಂದ! ನಮ್ಮ ಮನೆಗೇ ಬಂದ!”

ನಲ್ಲಿ ನೀರಿನ ಟ್ಯೂಬು ನೇರಳೆಯಾಗಿತ್ತು. ಮಸುಕು ನೇರಳೆಯಲ್ಲ, ಪಾದ್ರಿಗಳ ವಸ್ತ್ರದಂಥ, ಮೆರವಣಿಗೆಯ ಪತಾಕೆಯಂಥ, ನೋಡಿದ ಕಣ್ಣು ತಾನೇ ಕೈಮುಗಿಯುವಂಥ ನೇರಳೆ. ಪಕ್ಕದ ಬಾಟಲಿ ನೀರಿನ ಟ್ಯೂಬು ಮಜ್ಜಿಗೆ ತಿಳಿಯ ಹಾಗೆ ಬೆಪ್ಪಾಗಿ ನಿಂತಿತ್ತು.

ಬೆತೊ ಪ್ಯಾಂಟು ಏರಿಸಿಕೊಳ್ಳುವಷ್ಟರಲ್ಲಿ ವಠಾರ ಮನೆಯೊಳಗಿತ್ತು. ದೋನ್ ಸೆವೆರಿನೊ ಬನಿಯನ್ನಿನಲ್ಲೇ ಬಂದು ಮಂಡಿಯೂರಿದ. ಆಮೇಲೆ ಏನೋ ನೆನಪಾದವನಂತೆ ಎದ್ದು ಓಡಿ ತುತ್ತೂರಿ ತಂದು ಮತ್ತೆ ಮಂಡಿಯೂರಿದ.

“ಯಾರೂ ಮುಟ್ಟಬೇಡಿ!” ಬೆತೊ ಕೂಗಿದ. “ಅದು ಸೀಸ! ನಮ್ಮ ನೀರಲ್ಲಿ ಸೀಸ ಇದೆ!”

ಮೂಲೆಮನೆಯ ಮುದುಕಿ ದೊನ್ಯಾ ಕ್ಲಿಯೋಫೆ ಮೆಲ್ಲಗೆ ಕೇಳಿದಳು, “ಸೀಸ ಯಾವ ಬಣ್ಣ ಮಗಾ?”

“ಬೂದು.”

“ಇದು?”

“ನೇರಳೆ. ಆದ್ರೆ ಅದು...”

“ಹ್ಞಾ,” ಎಂದಳು ದೊನ್ಯಾ ಕ್ಲಿಯೋಫೆ, ಜಪಸರ ಎತ್ತಿಕೊಂಡು. ರಸಾಯನಶಾಸ್ತ್ರಕ್ಕೆ ಅದಕ್ಕಿಂತ ದೊಡ್ಡ ಪೆಟ್ಟು ಆ ಓಣಿಯಲ್ಲಿ ಬಿದ್ದದ್ದಿಲ್ಲ.

“ದುಡ್ಡು ಕೊಟ್ಟು ತಂದ ನೀರಿಗೆ ಬರಲಿಲ್ಲ, ನೋಡಿದ್ರಾ?” ಎಂದು ದೋನ್ ಸೆವೆರಿನೊ ಎರಡನೆಯ ಟ್ಯೂಬಿನತ್ತ ಬೆರಳು ಮಾಡಿದ. “ಬಡವರ ನಲ್ಲಿಗೇ ಬಂತು. ಬೆತೊ, ನಿನ್ನ ಕಾಲು ಹಿಡಿದು ಕ್ಷಮೆ ಕೇಳ್ತೀನಪ್ಪ. ಬಾಟ್ಲಿ ತೊಳಿಯೋ ಕೈ ಅಲ್ಲ ಅದು, ಪ್ರಭು ಹಿಡಿದ ಕೈ!” ಎಂದವನೇ ಕಿವಿ ತೂತಾಗುವಂತೆ ತುತ್ತೂರಿ ಊದಿದ.

ಮಧ್ಯಾಹ್ನದ ಹೊತ್ತಿಗೆ ನಲ್ಲಿಯ ಸಾಲು ಬೀದಿ ದಾಟಿತು. ಕಾಲುನೋವಿನವರು, ಕೋರ್ಟಿನಲ್ಲಿ ಮೊಕದ್ದಮೆ ಇದ್ದವರು, ಲಾಟರಿ ಚೀಟಿ ಇದ್ದವರು, ಏನೂ ಇಲ್ಲದಿದ್ದರೂ ಸಾಲು ಕಂಡರೆ ನಿಲ್ಲುವವರು. ಚಿಕ್ಕಮ್ಮನ ಮಸಮೊರ್ರಾ ಪಾತ್ರೆ ತಳ ಕಂಡಿತು. ಆಕೆ ಇನ್ನೊಂದು ಕಾಯಿಸುವ ಮೊದಲು ಒಂದು ದೊಡ್ಡ ಜಗ್ಗಿನ ತುಂಬ ನಲ್ಲಿ ನೀರು ಹಿಡಿದು ಒಳಕೋಣೆಗೆ ಹೋದಳು.

ಒಳಕೋಣೆಯಲ್ಲಿ ಇದ್ದದ್ದು ಅವಳ ಮಗಳು ರೊಸಾವ್ರಾ. ತುಂಬು ಬಸುರಿ, ಗಂಡ ಲಾರಿಯ ಮೇಲೆ ದಕ್ಷಿಣಕ್ಕೆ ಹೋಗಿದ್ದ. ಬೆತೊ ಬಾಗಿಲಲ್ಲಿ ನಿಂತು ನೋಡಿದ. ಚಿಕ್ಕಮ್ಮ ಮಂಚದ ಪಕ್ಕ ಕೂತು, ಮಗಳ ಗಂಟಲಲ್ಲಿ ಒಂದೊಂದೇ ಗುಟುಕು ಇಳಿಯುವುದನ್ನು ಕಣ್ಣಿಟ್ಟು ನೋಡುತ್ತಿದ್ದಳು.

ಅದುವರೆಗೆ ಬೆತೊನಿಗೆ ಭಾಷಣ ಕೆಟ್ಟಿತಲ್ಲ ಎಂಬ ಬೇಜಾರು ಮಾತ್ರ ಇತ್ತು. ಆ ಜಗ್ಗು ಕಂಡ ಮೇಲೆ ಬೇಜಾರು ಮರೆತು ಒಳಗೆ ನುಗ್ಗಿದ.

“ಚಿಕ್ಕಮ್ಮ, ಅದನ್ನ ಕೊಡ್ಬೇಡ. ಸೀಸ ಮಗುವಿನ ಮೆದುಳಿಗೇ ಹೋಗತ್ತೆ.”

“ಪ್ರಭುವಿನ ನೀರು ಮಗು ಮೆದುಳಿಗೆ ಹೋಗದೆ ನಿನ್ನ ಮೆದುಳಿಗೆ ಹೋಗಬೇಕಿತ್ತಾ? ಕುಡಿಯೇ ರೊಸಾ, ಇನ್ನೂ ಅರ್ಧ ಇದೆ.”

ರೊಸಾವ್ರಾ ಲೋಟದ ಅಂಚಿನಿಂದ ಕಣ್ಣೆತ್ತಿ ಅಣ್ಣನನ್ನು ನೋಡಿದಳು. ಬಾಯಿ ತುಂಬ ನೀರಿತ್ತು.

ಬೆತೊ ಹೆದರಿ ತಂಡದ ನಾಯಕಿ ಗ್ರೆಸಿಯಾಗೆ ಫೋನು ಮಾಡಿದ. ಗ್ರೆಸಿಯಾ ಅವನಿಗಿಂತ ಎರಡು ವರ್ಷ ಚಿಕ್ಕವಳು, ಅವನಿಗಿಂತ ಎಲ್ಲದರಲ್ಲೂ ದೊಡ್ಡವಳು. ನಗುವುದನ್ನು ಸ್ಪರ್ಧೆ ಮುಗಿಯುವವರೆಗೆ ಮುಂದೂಡಿದ್ದಳು. ಕೈಗವಸು ತೊಟ್ಟು, ಮುಚ್ಚಳದ ಡಬ್ಬಿ ಹಿಡಿದು, ಸಾಲನ್ನು ಸೀಳಿಕೊಂಡು ಬಂದಳು.

“ನಿನ್ನನ್ನ ಇವತ್ತೇ ತಂಡದಿಂದ ಆಚೆ ಹಾಕ್ತೀನಿ. ಹುಚ್ಚ! ಲ್ಯಾಬಿನ ಜೀವಿ ತಂದು ಇಟ್ಟಿದ್ದಾದ್ರೂ ಎಲ್ಲಿ?”

ಬೆತೊ ಬೆರಳು ತೋರಿಸಿದ. ಗ್ರೆಸಿಯಾ ತಿರುಗಿ ನೋಡಿದಳು. ಅವಳ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ತಿಂಗಳುಗಟ್ಟಲೆ ಹಗಲೂ ಇರುಳೂ ಕಾದು, ಅತ್ತು, ಬೈದು, ಪ್ರಾಧ್ಯಾಪಕರ ಮುಂದೆ ತಲೆ ತಗ್ಗಿಸಿ ನಿಂತು ಕಾಣದಿದ್ದ ಬಣ್ಣ ಇಲ್ಲಿ ಮೇಣದಬತ್ತಿಗಳ ನಡುವೆ ನಿಗಿನಿಗಿ ಎನ್ನುತ್ತಿತ್ತು. ಅವಳ ಮಂಡಿ ಕುಸಿಯಿತು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

“ಬಂತು... ಕೊನೆಗೂ ಬಂತು... ನಾನು ನಂಬಿಕೇನೇ ಬಿಟ್ಟಿದ್ದೆ!”

ಕಿಟಕಿಯಿಂದ ಇಣುಕುತ್ತಿದ್ದ ಜನಕ್ಕೆ ಇನ್ನೇನು ಬೇಕು? “ನೋಡ್ರೀ, ಯುನಿವರ್ಸಿಟಿ ಹುಡುಗಿ! ಬೈತಾ ಬಂದವಳು ಮಂಡಿಯೂರಿ ಅಳ್ತಿದಾಳೆ!” ಎಂದು ಸುದ್ದಿ ಸಾಲಿನ ತುದಿ ಮುಟ್ಟಿತು. ತುದಿಯಲ್ಲಿದ್ದವರು ಅವಳಿಗೆ ಹುಟ್ಟಾ ಕಣ್ಣಿರಲಿಲ್ಲವೆಂದೂ ಈಗ ಬಂತೆಂದೂ ಸೇರಿಸಿಕೊಂಡರು.

“ಬರೀ ಬೆಚ್ಚಗಿದ್ರೆ ಸಾಕು ಬೆತೊ!” ಗ್ರೆಸಿಯಾ ಕಣ್ಣೊರಸಿಕೊಳ್ಳುತ್ತ ಅವನ ತೋಳು ಹಿಡಿದಳು. “ನಾವು ಯಂತ್ರದಲ್ಲಿ ಜಾಸ್ತಿ ಬಿಸಿ ಮಾಡಿ ಮಾಡಿ ಬಣ್ಣಾನೇ ಕೆಡಿಸ್ತಿದ್ವಿ. ಈ ಮೇಣದಬತ್ತಿ ಶಾಖ ಸರಿಯಾಗಿ...” ಇದ್ದಕ್ಕಿದ್ದಂತೆ ನಿಂತಳು. “ಅಯ್ಯೋ. ಇದು ಯಾವ ನೀರು?”

“ಅವರು ಕುಡೀತಿರೋದು.”

ಇಬ್ಬರೂ ಕಿಟಕಿಯಾಚೆ ನೋಡಿದರು. ದೋನ್ ಸೆವೆರಿನೊ ನಲ್ಲಿಗೆ ನೇರಳೆ ರಿಬ್ಬನ್ನು ಕಟ್ಟುತ್ತಿದ್ದ.

ಗ್ರೆಸಿಯಾ ಟ್ಯೂಬುಗಳನ್ನು ಡಬ್ಬಿಯಲ್ಲಿ ಮುಚ್ಚಿಕೊಂಡು, ಪೂಜಾಪೀಠವನ್ನೆಲ್ಲ ಬ್ಲೀಚು ಹಾಕಿ ಒರೆಸಿ ಹೊರಟಳು. ಪ್ರಭುವಿನ ಪೀಠವನ್ನು ಅಷ್ಟು ಭಕ್ತಿಯಿಂದ ಯಾರೂ ಉಜ್ಜಿದ್ದನ್ನು ತಾನು ಕಂಡಿಲ್ಲವೆಂದು ಚಿಕ್ಕಮ್ಮ ಎಲ್ಲರಿಗೂ ಹೇಳಿದಳು. ಬೆತೊನನ್ನು ತಂಡದಿಂದ ತೆಗೆಯುವ ಮಾತು ಅಲ್ಲಿಗೆ ನಿಂತಿತು. “ತೆಗೆದ್ರೆ ಈ ಫಲಿತಾಂಶ ಯಾರದು ಅಂತ ಹೇಳ್ಲಿ?” ಎಂದಳಂತೆ ಗ್ರೆಸಿಯಾ. “ಮತ್ತೆ ಮೂರು ಸಲ ಆಗ್ಬೇಕು. ಲ್ಯಾಬಲ್ಲೇ. ಹೋಲಿಕೆಗೆ ಬೇರೆ ಬೇರೆ ನೀರು ತಗೊಂಡು ಬಾ. ಹೋಲಿಕೆ ಹೆಚ್ಚಿದಷ್ಟೂ ಜನ ನಂಬ್ತಾರೆ.”

ಪಾಪದ ಹುಡುಗಿ. ಜನ ನಂಬುತ್ತಾರೆಂಬುದು ನಿಜವೇ ಆಗಿತ್ತು.

ಹೋಲಿಕೆಗೆ ನೀರು ಬೇಕು ಎಂದು ಬೆತೊ ಬಾಯಿಬಿಟ್ಟದ್ದೇ ತಡ, ಓಣಿ ಓಣಿಯಿಂದ ನೀರು ಹರಿದು ಬಂತು. ಚೌಕದ ಕಾರಂಜಿಯದು, ಮೂಲೆ ಹೋಟೆಲಿನದು, ಎದುರು ವಠಾರದ್ದು. ಯಾರೋ ಪುಣ್ಯಾತ್ಮರು ಒಂದು ಔಷಧಿ ಬಾಟಲಿಯನ್ನು ಏನೂ ಹೇಳದೆ ಅವನ ಕೈಗಿಟ್ಟು ಹೋದರು. ಮೇಲೆ ‘ಚರ್ಚಿನ ತೀರ್ಥ’ ಎಂದು ಬರೆದ ಚೀಟಿ ಇತ್ತು. ಬೆತೊ ಅದನ್ನೂ ಒಯ್ದ.

ಎರಡು ದಿನದ ಮೇಲೆ ಗ್ರೆಸಿಯಾ ಫೋನಿಗೆ ಚಿತ್ರ ಕಳಿಸಿದಳು. ಪ್ರತಿ ಟ್ಯೂಬಿನ ಕೆಳಗೆ ಅಚ್ಚುಕಟ್ಟಾಗಿ ಹೆಸರು ಬರೆದಿತ್ತು. ಲಾಸ್ ಪಾಲೊಮಾಸ್ ವಠಾರ: ಮೂರಕ್ಕೆ ಮೂರೂ ನೇರಳೆ. ಕಾರಂಜಿ: ಬಿಳಿ. ಹೋಟೆಲು: ಬಿಳಿ. ಎದುರು ವಠಾರ: ಬಿಳಿ. ಚರ್ಚಿನ ತೀರ್ಥ: ಬಿಳಿ.

ಚಿತ್ರ ಬೆತೊನ ಫೋನಿನಿಂದ ಚಿಕ್ಕಮ್ಮನ ಫೋನಿಗೆ, ಅಲ್ಲಿಂದ ಇಡೀ ಪೇಟೆಗೆ ಹೋಯಿತು. ಜನ ಫೋನಿನಲ್ಲೇ ದರ್ಶನ ಮಾಡಿ ಪರದೆಗೆ ಮುತ್ತಿಟ್ಟರು. ಎದುರು ವಠಾರದವರು ನಾಚಿಕೆಯಿಂದ ಬಾಗಿಲು ಹಾಕಿಕೊಂಡರು. ಅವರಲ್ಲೊಬ್ಬಳು ಗಂಡನನ್ನು, “ನೀನು ಮಾಡಿದ ಪಾಪಕ್ಕೇ ನಮ್ಮ ನೀರು ಬಿಳಿ ಬಂದಿದ್ದು, ಹೇಳು ಯಾರವಳು?” ಎಂದು ಜಾಡಿಸಿದ್ದು ಬೀದಿಗೆಲ್ಲ ಕೇಳಿಸಿತು.

ಸಂಜೆ ಪಾದ್ರಿ ಕಾಸಿಮಿರೊ ಬಂದರು. ಮೆತ್ತನೆಯ ಮನುಷ್ಯ, ಪವಾಡ ಎಂದರೆ ಹೆಚ್ಚುವರಿ ಕೆಲಸ ಎಂದು ಬಲ್ಲವರು. ಅಂಗಳದ ನಡುವೆ ಕುರ್ಚಿ ಹಾಕಿಸಿಕೊಂಡು ಕೂತರು.

“ನೋಡು ಮಗನೇ ಎಡಿಲ್ಬೆರ್ತೊ, ಪವಾಡದ ವಿಷಯ ಮೇಲಿನವರು ನೋಡ್ಕೋತಾರೆ. ನಂದೊಂದು ಸಣ್ಣ ಪ್ರಶ್ನೆ. ನನ್ನ ತೀರ್ಥ ಯಾಕೆ ಬಿಳಿ ಬಂತು?”

“ಅದು ಒಳ್ಳೇದು, ಸ್ವಾಮಿ! ನಿಮ್ಮ ತೀರ್ಥದಲ್ಲಿ ಏನೂ ಇಲ್ಲ!”

ಪಾದ್ರಿಗಳ ಮುಖ ಸಣ್ಣದಾಯಿತು. “ಏನೂ ಇಲ್ಲ.”

“ಏನಂದ್ರೆ ಏನೂ ಇಲ್ಲ ಸ್ವಾಮಿ, ಖಾತ್ರಿ! ಬರೀ ನೀರು!”

“ಮೂವತ್ತು ವರ್ಷದಿಂದ ಮಂತ್ರಿಸ್ತಾ ಇದೀನಿ ಕಣಪ್ಪ ಅದನ್ನ,” ಎಂದರು ಪಾದ್ರಿ ಕಾಸಿಮಿರೊ. ಅವರು ಎದ್ದು ಮೆಲ್ಲಗೆ ನಲ್ಲಿಯ ಹತ್ತಿರ ಹೋಗಿ ಬೊಗಸೆಯಲ್ಲಿ ನೀರು ಹಿಡಿದು, ಸುತ್ತ ನೋಡಿ, ಕುಡಿದು, ಏನೂ ಹೇಳದೆ ಹೊರಟುಹೋದರು. ಜನ ಅದನ್ನು ಚರ್ಚಿನ ಒಪ್ಪಿಗೆ ಎಂದು ತಿಳಿದರು.

ಅಂದಿನಿಂದ ರೊಸಾವ್ರಾಗೆ ಒಂದು ಜಗ್ಗಿನ ಬದಲು ಎರಡು.

ಬೆತೊ ಮಾಡದ ಕಸರತ್ತಿಲ್ಲ. ಜಗ್ಗು ಬಚ್ಚಿಟ್ಟ, ಚಿಕ್ಕಮ್ಮ ಬಕೆಟ್ಟು ತಂದಳು. ಕಾಲು ಜಾರಿದವನಂತೆ ಬಕೆಟ್ಟು ಉರುಳಿಸಿದ. ವಠಾರದವರು ನೆಲದ ನೀರನ್ನು ಬಟ್ಟೆಯಲ್ಲಿ ಅದ್ದಿ ಹಣೆಗೆ ಒತ್ತಿಕೊಂಡರು. ಅಂಗಡಿಯ ನೀರು ತಂದು ಜಗ್ಗಿಗೆ ಬೆರೆಸುವಾಗ ಸಿಕ್ಕಿಬಿದ್ದ.

“ಇವನು ಸುವಾರ್ತೆಯವರ ಸಭೆಗೆ ಸೇರ್ಕೊಂಡಿದಾನೆ,” ಎಂದು ಚಿಕ್ಕಮ್ಮ ದೊನ್ಯಾ ಕ್ಲಿಯೋಫೆಯ ಮುಂದೆ ಅತ್ತಳು. “ಸಂತರನ್ನ ನಂಬೋದಿಲ್ಲ ಅವರು. ಹಾಲು ಕುಡಿಸಿ ಸಾಕಿದೆನಲ್ಲೇ ಇವನನ್ನ!”

“ಮದುವೆ ಮಾಡು, ಸರಿಹೋಗ್ತಾನೆ,” ಎಂದಳು ದೊನ್ಯಾ ಕ್ಲಿಯೋಫೆ. ಅವಳ ಬಳಿ ಎಲ್ಲಕ್ಕೂ ಒಂದೇ ಔಷಧಿ.

ರೊಸಾವ್ರಾ ಒಮ್ಮೆ ತಾಯಿ ಒಲೆಯ ಮುಂದಿದ್ದಾಗ ಅಣ್ಣನನ್ನು ಹತ್ತಿರ ಕರೆದಳು. “ಬೆತೊ, ನಿಜ ಹೇಳು. ಇದರಲ್ಲಿ ಕೆಟ್ಟದ್ದಿದ್ಯಾ?”

“ಇದೆ.”

“ನಂಗೂ ಹಾಗೇ ಅನ್ಸತ್ತೆ. ಅಮ್ಮ ಪಕ್ಕ ಕೂತು ಗಂಟಲು ನೋಡ್ತಾಳೋ. ಉಗುಳಕ್ಕೂ ಬಿಡಲ್ಲ. ನೀನು ಓದಿದವನು, ಏನಾದ್ರೂ ಮಾಡೋ.”

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಬೆತೊ ಅಲ್ಲಿಂದ ಎದ್ದವನು ನೆಟ್ಟಗೆ ನೀರು ಸರಬರಾಜು ಕಚೇರಿಗೆ ಹೋದ.

ಕಚೇರಿ ಅವನ ಮಾತು ಕೇಳಿ ಬಂತು ಎಂದರೆ ಸುಳ್ಳಾದೀತು. ಸಾಲು ಬೀದಿ ಕಟ್ಟಿ ಬಸ್ಸು ನಿಂತದ್ದರಿಂದ ಬಂತು. ಬಂದವರು ಎಂಜಿನಿಯರ್ ಬುಸ್ತಿಯೋಸ್. ದಪ್ಪ ಮೀಸೆ, ಹೊಸ ಬೂಟು. ಬೆತೊ ಅವರನ್ನು ಅಂಗಳದಲ್ಲೇ ತಡೆದು ಸೀಸದ ಸಂಗತಿ ಹೇಳಿದ. ಎಂಜಿನಿಯರ್ ಸುತ್ತಲಿನ ನೇರಳೆ ನಿಲುವಂಗಿಗಳನ್ನೂ ರಿಬ್ಬನ್ನು ಕಟ್ಟಿದ ನಲ್ಲಿಯನ್ನೂ ನೋಡಿ ಮೀಸೆ ತಿರುವಿದರು.

“ತಮ್ಮಾ, ಸೀಸ ಅಂದ್ರೆ ನಮ್ಮ ಇಲಾಖೆ. ಪವಾಡ ಅಂದ್ರೆ ಚರ್ಚಿನವರ ಇಲಾಖೆ. ನಾನು ನೋಡಿದ ಹಾಗೆ ಇದು ಪವಾಡಾನೇ.”

“ಸಾರ್, ಪರೀಕ್ಷೆ ಮಾಡಿದೀವಿ!”

“ನಮ್ಮ ನೀರಲ್ಲಿ ಸೀಸಾನಾ?” ಎಂಜಿನಿಯರ್ ಸ್ವರ ಏರಿಸಿದರು. “ಕೇಳ್ರಪ್ಪಾ ಎಲ್ಲಾರೂ! ಬೀದಿ ಬಾಗಿಲವರೆಗೆ ನಮ್ಮ ಕೊಳಾಯಿ. ಅಲ್ಲಿಂದೊಳಗೆ ನಿಮ್ದು. ನಿಮ್ಮ ತಾತಂದಿರು ಹಾಕಿಸಿದ್ದು. ಬಾಗಿಲ ಹತ್ರ ನಮ್ಮ ವಾಲ್ವಿಂದ ಹಿಡಿದು ಪರೀಕ್ಷೆ ಮಾಡಿ. ಏನಾದ್ರೂ ಸಿಕ್ಕಿದ್ರೆ ಈ ಮೀಸೆ ಬೋಳಿಸ್ತೀನಿ!” ತಾವೇ ಬಗ್ಗಿ ವಾಲ್ವು ತಿರುಗಿಸಿ ಬಾಟಲಿ ತುಂಬಿಸಿ ಬೆತೊನ ಕೈಗೆ ಕೊಟ್ಟರು. ಹೊಸ ಬೂಟು ಒದ್ದೆಯಾಯಿತು.

ಬೆತೊ ಬಾಟಲಿ ಹಿಡಿದು ವಿಶ್ವವಿದ್ಯಾಲಯಕ್ಕೆ ಓಡಿದ. ಮೂರನೆಯ ದಿನ ಉತ್ತರ ಬಂತು: ಬಾಗಿಲ ಬಳಿಯ ನೀರು ಬಿಳಿ, ಅಂಗಳದ ನಲ್ಲಿಯದು ನೇರಳೆ. ಎಂಜಿನಿಯರರ ಮೀಸೆ ಉಳಿಯಿತು.

ಗ್ರೆಸಿಯಾ ಖುಷಿಯಿಂದ ಮೇಜು ಗುದ್ದಿದಳು. “ನಡುವೆ ಇರೋ ಪೈಪು ಬೆತೊ! ಹಳೇ ಸೀಸದ ಪೈಪು! ಅದನ್ನ ಅಗೆದು ತೆಗೆದ್ರೆ ಮುಗೀತು. ಹೋಗಿ ಅರ್ಥ ಮಾಡ್ಸು.”

“ಅರ್ಥ ಮಾಡ್ಸೋದಾ?” ಎಂದ ಬೆತೊ. “ಹದಿನೈದು ದಿನದಿಂದ ಅದನ್ನೇ ಮಾಡ್ತಿದೀನಿ. ಈಗ ನನ್ನ ತಟ್ಟೆಗೆ ಅನ್ನಾನೂ ಹಾಕ್ತಿಲ್ಲ.”

ಆ ಭಾನುವಾರ ವಠಾರದ ಸಮಿತಿ ಅಂಗಳದಲ್ಲಿ ಸೇರಿತ್ತು. ವಿಷಯ: ನಲ್ಲಿಗೆ ಗುಡಿ ಕಟ್ಟುವುದು. ದೋನ್ ಸೆವೆರಿನೊ ಗುಡಿಯ ಎತ್ತರದ ಬಗ್ಗೆ ಮಾತಾಡುತ್ತಿದ್ದ. ಚಿಕ್ಕಮ್ಮ ಮಗಳನ್ನು ಮೆತ್ತೆ ಹಾಕಿ ಮುಂದೆ ಕೂರಿಸಿ ಜಗ್ಗಿನಿಂದ ಲೋಟಕ್ಕೆ ಬಗ್ಗಿಸುತ್ತಿದ್ದಳು. ಬೆತೊ ಫೋನು ಹಿಡಿದು ಬಂದ. ಅವನನ್ನು ಕಂಡು ಹೆಂಗಸರು ಮುಖ ತಿರುಗಿಸಿದರು.

“ಒಂದು ಮಾತು ಹೇಳಬಹುದಾ?”

“ಸೀಸ ಅನ್ನೋ ಹಾಗಿದ್ರೆ ಬೇಡ,” ಎಂದ ದೋನ್ ಸೆವೆರಿನೊ.

ಬೆತೊ ಅದನ್ನೇ ಅನ್ನಬೇಕೆಂದು ಬಂದಿದ್ದ. ರೊಸಾವ್ರಾ ಲೋಟ ತುಟಿಗೆ ಹಿಡಿದು ಅವನನ್ನೇ ನೋಡುತ್ತಿದ್ದಳು. ಬೆತೊ ಬಾಯಿ ತೆರೆದ, ಮುಚ್ಚಿದ. ಮತ್ತೆ ಬಾಯಿ ತೆರೆದಾಗ ಬಂದ ಮಾತು ಅವನಿಗೇ ಹೊಸದಾಗಿತ್ತು.

“ನೀರಲ್ಲಿ ಏನಿಲ್ಲ. ನಾವು ತಪ್ಪು ತಿಳ್ಕೊಂಡಿದೀವಿ. ಇರೋದೆಲ್ಲ ಪೈಪಲ್ಲಿ.”

ಫೋನು ಎತ್ತಿ ತೋರಿಸಿದ. “ಇದು ಬಾಗಿಲ ಹತ್ರದ ನೀರು, ಎಂಜಿನಿಯರ್ ಸಾಹೇಬರೇ ಹಿಡ್ಕೊಟ್ಟಿದ್ದು. ಬಿಳಿ. ಅದೇ ನೀರು ನಮ್ಮ ಪೈಪೊಳಗೆ ಹಾದು ಇಲ್ಲಿಗೆ ಬರೋವಾಗ ನೇರಳೆ. ಅಂದ್ಮೇಲೆ ಅದು ಎಲ್ಲಿದೆ?”

ದೊನ್ಯಾ ಕ್ಲಿಯೋಫೆ ಮೊದಲು ತನ್ನ ಕಾಲ ಕೆಳಗಿನ ನೆಲ ನೋಡಿದಳು. ಆಮೇಲೆ ಬೆಂಕಿ ತುಳಿದವಳ ಹಾಗೆ ಪಕ್ಕಕ್ಕೆ ಜಿಗಿದಳು.

“ಅಯ್ಯಯ್ಯೋ! ತುಳೀತಾ ಇದೀವಲ್ರೇ! ಇಷ್ಟು ವರ್ಷ ಅದರ ಮೇಲೇ ಓಡಾಡಿದೀವಿ!”

“ಬಚ್ಚಲು ಮೋರಿ ಪಕ್ಕದಲ್ಲೇ ಹೋಗತ್ತೆ ಆ ಪೈಪು!” ಇನ್ನೊಬ್ಬಳು ಕೆನ್ನೆ ಬಡಿದುಕೊಂಡಳು.

“ತೆಗೀರಿ!” ದೋನ್ ಸೆವೆರಿನೊ ಎದ್ದು ನಿಂತ. “ಈ ಕ್ಷಣ ತೆಗೀರಿ! ಇನ್ನು ಒಂದು ಕೊಡ ನೀರು ಅದರೊಳಗೆ ಹರಿಯಕೂಡದು! ಪ್ರಭು ಇರೋ ಜಾಗದಲ್ಲಿ ಪಾತ್ರೆ ತೊಳಿಯೋ ನೀರು ಬಿಡೋದಾ? ರೊಸಾ, ಇಡಮ್ಮ ಆ ಲೋಟ ಕೆಳಗೆ!”

ರೊಸಾವ್ರಾ ಇಟ್ಟಳು. ಅಷ್ಟು ಬೇಗ ಯಾರೂ ಅಧ್ಯಕ್ಷರ ಆಜ್ಞೆ ಪಾಲಿಸಿದ್ದಿಲ್ಲ.

ವಠಾರ ಗುದ್ದಲಿ ಹಿಡಿಯಿತು. ಎಂಜಿನಿಯರ್ ಬುಸ್ತಿಯೋಸ್ ಖುದ್ದು ಬಂದು ವಾಲ್ವು ಮುಚ್ಚಿಕೊಟ್ಟು, ಇದು ತಮ್ಮ ಇಲಾಖೆಗೆ ಸೇರಿದ್ದಲ್ಲವೆಂದು ಮತ್ತೊಮ್ಮೆ ಸಾರಿದರು. ಗಂಡಸರು ನೇರಳೆ ನಿಲುವಂಗಿಯನ್ನು ಮಂಡಿಯವರೆಗೆ ಎತ್ತಿ ಕಟ್ಟಿ ಅಗೆದರು, ಹೆಂಗಸರು ಹಾಡಿದರು. ಬೂದು ಬಣ್ಣದ, ಸೊಟ್ಟಗಿನ, ಹೆಬ್ಬಾವಿನಂಥ ಪೈಪು ಮೇಲೆ ಬಂದಾಗ ದೋನ್ ಸೆವೆರಿನೊ ತುತ್ತೂರಿ ಊದಿದ. ಈ ಸಲ ರಾಗ ಸರಿಯಾಗಿಯೇ ಬಂತು. ಜನ ಮುತ್ತಿಡಲು ಮುಗಿಬಿದ್ದರು. ಬೆತೊ ತೋಳಗಲಿಸಿ ಅಡ್ಡ ನಿಂತ.

“ಬರಿಗೈಲಿ ಮುಟ್ಟಬಾರದು! ಬಾಯಿ ತಾಗಿಸಬಾರದು! ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಬೇಕು. ಮಕ್ಕಳನ್ನಂತೂ ಹತ್ತಿರಾನೇ ಬಿಡಬಾರದು, ಅಷ್ಟು ತೀಕ್ಷ್ಣ ಇದೆ ಇದು!”

“ಹೌದಾ?” ಎಂದರು ಜನ, ಗೌರವದಿಂದ ಹಿಂದೆ ಸರಿದು. ಬೆತೊನ ಮಾತಿಗೆ ಯಾರಾದರೂ ಹಿಂದೆ ಸರಿದದ್ದು ಇದೇ ಮೊದಲು.

ಗ್ರೆಸಿಯಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಇಷ್ಟು ಜನಕ್ಕೆ ಸುಳ್ಳು ಹೇಳಿದ್ಯಲ್ಲೋ.”

“ಯಾವ ಮಾತು ಸುಳ್ಳು?” ಎಂದ ಬೆತೊ.

ಅವಳು ಬೆರಳು ಮಡಚಿ ಯೋಚಿಸಿದಳು. ಯೋಚಿಸಿದಳು. ಒಂದು ಬೆರಳೂ ಸಿಗಲಿಲ್ಲ. ಸ್ಪರ್ಧೆಯವರೆಗೆ ಮುಂದೂಡಿದ್ದ ನಗು ಅಲ್ಲೇ ಬಂದುಬಿಟ್ಟಿತು.

ಹೊಸ ಪ್ಲಾಸ್ಟಿಕ್ ಪೈಪು ಬಂತು. ಅದರ ನೀರು ತಂಡದ ಪರೀಕ್ಷೆಯಲ್ಲಿ ಬೆಳ್ಳಗೆ ನಿಂತಿತು. ಮರುದಿನವೂ, ಅದರ ಮರುದಿನವೂ. ಬೆತೊ ರೊಸಾವ್ರಾಳನ್ನು ಆಸ್ಪತ್ರೆಗೆ ಕರೆದೊಯ್ದು ರಕ್ತ ತೆಗೆಸಿದ. ವೈದ್ಯೆ, ಸೀಸ ಸ್ವಲ್ಪ ಹೆಚ್ಚಿದೆ, ಇನ್ನು ಆ ನೀರು ಮುಟ್ಟದಿದ್ದರೆ ಇಳಿಯುತ್ತದೆ, ವಾರವಾರ ಬನ್ನಿ ಎಂದಳು. ಪೈಪು ಗಾಜಿನ ಪೆಟ್ಟಿಗೆಯೊಳಗೆ ಅಂಗಳದ ಗೋಡೆಗೆ ಏರಿತು. ನಲ್ಲಿಯ ಸಾಲು ಕರಗಿ ಪೆಟ್ಟಿಗೆಯ ಮುಂದೆ ಸೇರಿತು. ಅಲ್ಲಿ ಎಷ್ಟು ಹೊತ್ತು ನಿಂತರೂ ಯಾರ ಹೊಟ್ಟೆಗೂ ಏನೂ ಇಳಿಯುತ್ತಿರಲಿಲ್ಲ.

ಬೆತೊ ಹೊಸ ನಲ್ಲಿಯಿಂದ ಜಗ್ಗು ತುಂಬಿಸಿ ಒಳಕೋಣೆಗೆ ತಂದ. ಚಿಕ್ಕಮ್ಮ ಎಂದಿನಂತೆ ಮಂಚದ ಪಕ್ಕ ಕೂತಿದ್ದಳು. ರೊಸಾವ್ರಾ ಗಟಗಟನೆ ಕುಡಿದಳು. ಚಿಕ್ಕಮ್ಮ ಅವಳ ಗಂಟಲನ್ನೇ ನೋಡಿದಳು.

“ಏನಾದ್ರೂ ಅನ್ನಿಸ್ತೇನೇ?”

“ಇಲ್ಲಮ್ಮ.”

“ಸ್ವಲ್ಪಾನೂ?”

“ಬರೀ ನೀರು ಕಣಮ್ಮ.”

ಚಿಕ್ಕಮ್ಮ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟಳು. “ಪಾಪ ನನ್ನ ಕಂದ. ಎಲ್ಲಾ ಇದ್ದ ವಠಾರದಲ್ಲಿ ಬರೀ ನೀರು ಕುಡಿದು ಹುಟ್ಟೋ ಹಣೆಬರಹ ಬಂತಲ್ಲೋ ನಿಂಗೆ.”

ಬೆತೊ ಎರಡನೆಯ ಲೋಟ ತುಂಬಿಸಿದ.